ಅಕ್ಕನ ಮನೆಯ ಹಸಿರು ಚುಕ್ಕೆ

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಎದುರು ಯಾರೋ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಕಾಲಿಗೆ ಪಟ್ಟಿ ಸುತ್ತಿತ್ತು. ಇಬ್ಬರ ನಡುವಿನ ಕುರ್ಚಿಯಲ್ಲಿ ಎಕ್ಸ್‌ರೇ ಲಕೋಟೆ ಇತ್ತು. ನನಗಿಂತ ಮುಂದೆ ಇನ್ನೂ ಹನ್ನೊಂದು ಜನ. ಕೇಳಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

“ಬಿದ್ದು ಆರು ವಾರ ಆಯ್ತಾ? ಒಂದು ಮಾತು ಹೇಳಬಾರದಿತ್ತಾ?” ತಮ್ಮ ಕೇಳಿದ.

“ನೀನು ಒಂದು ಮಾತು ಕೇಳಬಾರದಿತ್ತಾ? ಇವತ್ತು ಯಾರಾದ್ರೂ ಜೊತೆಗೆ ಬರಲೇಬೇಕು ಅಂತ ಆಸ್ಪತ್ರೆಯವರು ಅಂದ್ರು, ಅದಕ್ಕೆ ಕರೆದೆ.”

“ನೋಡ್ತಾನೇ ಇದ್ದೆ ಅಕ್ಕ. ಐದು ದಿನಕ್ಕೊಂದ್ಸಲ ಉಪಗ್ರಹದ ಚಿತ್ರ ಬರುತ್ತೆ. ಊರಿನ ಹಸಿರು ಅಳೆಯೋದೇ ನನ್ನ ಕೆಲಸ ಅಲ್ವಾ? ಚಿತ್ರದಲ್ಲಿ ಮೊದಲು ನಿನ್ನ ಮನೆ ಇರೋ ಚುಕ್ಕೆ ನೋಡ್ತೀನಿ. ಹಸಿರಿದ್ರೆ, ಅಕ್ಕ ತಾರಸಿ ಹತ್ತಿ ಗಿಡಕ್ಕೆ ನೀರು ಹಾಕಿದ್ದಾಳೆ, ಆರಾಮಾಗಿದ್ದಾಳೆ ಅಂತ ಸಮಾಧಾನ.”

“ಕುಂಡದಲ್ಲಿರೋದೆಲ್ಲ ಒಣಗಿ ಕಡ್ಡಿಯಾಗಿದೆ ಕಣೋ.”

“ಮೊನ್ನೆನೂ ಹಸಿರಿತ್ತಲ್ಲ!”

“ಪಕ್ಕದ ಮನೆಯವರು ಬಳ್ಳಿ ಹಬ್ಬಿಸಿದ್ದಾರೆ. ಅವರ ತಾರಸಿ ತುಂಬ ಅದೇ.”

ಅವನು ಲಕೋಟೆಯ ಮೇಲೆ ಬೆರಳಲ್ಲಿ ಒಂದು ಚೌಕ ಬರೆದ.

“ಚಿತ್ರದ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ ಹತ್ತು ಮೀಟರ್ ಅಗಲ. ಎರಡು ತಾರಸೀನೂ ಒಂದರಲ್ಲೇ ಸೇರಿಹೋಗಿದೆ.”

“ದೂರದ ಬೆಟ್ಟ ನುಣ್ಣಗೆ ಅಂತ ತಿಳ್ಕೊಳ್ಳೋಕೆ ಆಕಾಶಕ್ಕೆ ಹೋಗಬೇಕಿತ್ತಾ?”

“ಇನ್ನೂ ಸ್ಪಷ್ಟವಾಗಿ ಕಾಣೋ ಉಪಗ್ರಹಾನೂ ಇದೆ ಅಕ್ಕ. ನಮ್ಮ ಆಫೀಸಲ್ಲಿ ಆ ಚಿತ್ರ ತರಿಸಲ್ಲ.”

“ನಮ್ಮ ಬೀದಿಗೆ ಬಸ್ಸೂ ಇದೆ. ನಿನ್ನ ಮನೆಯಿಂದ ನಲವತ್ತು ನಿಮಿಷ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆಗೆದು ಅಕ್ಕನನ್ನು ಕೇಳಿದಳು:

“ನಿಮ್ಮ ಜೊತೆಗೆ ಯಾರಾದ್ರೂ ಇದ್ದಾರಾ?”

ಅಕ್ಕ ಊರುಗೋಲು ಊರಿ ಎದ್ದಳು.

“ಇದ್ದಾನೆ. ಸ್ವಲ್ಪ ದೂರದಲ್ಲಿ.”

ಅವನು ಲಕೋಟೆ ಎತ್ತಿಕೊಂಡು, ಅವಳಿಗಿಂತ ಎರಡು ಹೆಜ್ಜೆ ಹಿಂದೆ ಒಳಗೆ ಹೋದ.