ಅಮ್ಮನಿಗಾಗಿ ಕಾಯುವ ಸಾಲು

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ತಲೆ ನರೆತ ಅಕ್ಕ, ತಮ್ಮ ಕೂತಿದ್ದರು. ಕದ್ದು ಕೇಳಬಾರದು, ಆದರೂ ಕೇಳಿಸಿತು. ನನ್ನ ಸಂಜೆ ಕ್ಲಾಸಿನ ಕಂಪ್ಯೂಟರ್ ಪಾಠದ ಬಲದಿಂದ ತಿಳಿದಷ್ಟು ಬರೆದಿದ್ದೇನೆ, ತಪ್ಪಿರಬಹುದು.

“ಅಕ್ಕಾ, ನಾವು ಬರೆದು ಪುಕ್ಕಟೆ ಹಂಚಿದ್ವಲ್ಲ, ಬೇರೆಯವರ ಪ್ರೋಗ್ರಾಮಿಗೆ ಸೇರಿಸ್ಕೊಳ್ಳೋ ಇ-ಮೇಲ್ ಕಳಿಸೋ ಲೈಬ್ರರಿ? ಅದ್ರಲ್ಲಿ ಒಂದು ಸಾಲು ಕೋಡ್ ತೆಗೀಬೇಕಂತೆ. ಈಗ ಅದನ್ನ ನೋಡ್ಕೊಳ್ಳೋ ಹೊಸ ಹುಡುಗರು ಒಪ್ಪಿಗೆ ಕೇಳಿದ್ದಾರೆ.”

“ಯಾವ ಸಾಲೋ?”

“ಕನೆಕ್ಷನ್ ಕಟ್ಟಾದ್ರೆ ಸ್ವಲ್ಪ ಹೊತ್ತು ಸುಮ್ನೆ ಕಾಯೋದು. ಇದನ್ನ ಯಾವ ಪುಣ್ಯಾತ್ಮ ಬರೆದ ಅಂತ ನಗ್ತಾರೆ.”

“ನೀನೇ ಆ ಪುಣ್ಯಾತ್ಮ! ಆಗ ಮನೇಲಿದ್ದದ್ದು ಒಂದೇ ಫೋನ್ ಲೈನು. ಅಮ್ಮ ಫೋನ್ ಎತ್ತಿದ್ರೆ ಇಂಟರ್‌ನೆಟ್ ಹೋಗ್ತಿತ್ತು.”

“ಅವಳು ಫೋನ್ ಇಡೋವರೆಗೂ ಕಾಯ್ಲಿ ಅಂತ ಬರೆದೆ.”

“ಚಿಕ್ಕಮ್ಮ ಸಿಕ್ಕಿದ್ರೆ ಎಲ್ಲಿ ಇಡ್ತಿದ್ಲು! ಅಮ್ಮ ಹೋದ್ಮೇಲೂ ಪ್ರಪಂಚದ ಕಂಪ್ಯೂಟರೆಲ್ಲ ಇನ್ನೂ ಅವಳಿಗೇ ಕಾಯ್ತಿವೆ ಅನ್ನು.”

ತಮ್ಮ ನಗಲಿಲ್ಲ. “ಬೇಡ ಅಂತ ಬರೀಲಾ?”

“ಜನರ ಮೇಲ್ ತಡ ಆಗುತ್ತಲ್ಲೋ. ತೆಗೀಲಿ ಬಿಡು.”

ಅವನು ಏನೋ ಟೈಪ್ ಮಾಡಿ, ಫೋನನ್ನು ಅವಳ ಕೈಗೆ ಕೊಟ್ಟ. “ಒಪ್ಪಿಗೆ ಬರೆದಿದ್ದೀನಿ, ಕಳಿಸೋ ಬಟನ್ ನೀನೇ ಒತ್ತು.”

ಅಕ್ಕ ಬೆರಳು ಎತ್ತಿ ಹಾಗೇ ಕೂತಳು. ನರ್ಸ್ ತಮ್ಮನ ಹೆಸರು ಕರೆದರು.

“ಹೊರಗೆ ಬಂದ್ಮೇಲೆ ನೋಡೋಣ, ಏಳೋ” ಎಂದು ಫೋನನ್ನು ಚೀಲಕ್ಕೆ ಹಾಕಿಕೊಂಡು ಅವನ ತೋಳು ಹಿಡಿದು ಒಳಗೆ ನಡೆದಳು.