ಬಾಗಿಲಲ್ಲಿ ಯಾರೂ ನಿಲ್ಲಬೇಡಿ

ಸಂಘದ ಅಧ್ಯಕ್ಷರಾದ ಹರ್ಬರ್ಟ್ ಅವರೇ, ದುಬೈಯಿಂದ ಮುಖ್ಯ ಅತಿಥಿಯಾಗಿ ಬಂದಿರುವ ಡಾಕ್ಟರ್ ಖೈರುನ್ನಿಸ ಅವರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿದವರೇ, ಕೆಳಗೆ ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತವರೇ, ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡು ಕಾಯುತ್ತಿರುವ ಮಕ್ಕಳೇ, ಅಬುಧಾಬಿಯ ನನ್ನ ಕನ್ನಡದ ಸಭಿಕರೇ,

ಮೊದಲು ಈ ಪೇಟದ ವಿಷಯ ಮುಗಿಸುತ್ತೇನೆ. ಅಧ್ಯಕ್ಷರು ಕೂರಿಸಿದರು, ಜಾರಿತು. ಮತ್ತೆ ಕೂರಿಸಿದರು, ಮತ್ತೆ ಜಾರಿತು. ತಪ್ಪು ಅವರದಲ್ಲ. ಇದನ್ನು ಕಟ್ಟಿದವನು ಬೇರೆ ಥರದ ತಲೆಗಳನ್ನು ನೋಡಿ ಕಟ್ಟಿದ್ದಾನೆ. ನನ್ನದು ಸ್ಪ್ರಿಂಗಿನಂಥ ಕೂದಲು. ಹಾಗಾಗಿ ಕೈಯಲ್ಲಿ ಹಿಡಿದುಕೊಂಡೇ ಮಾತನಾಡುತ್ತೇನೆ. ಶಾಲು ಚೆನ್ನಾಗಿದೆ. ಹಣ್ಣಿನ ಬುಟ್ಟಿಯಲ್ಲಿ ಬರೀ ಸೇಬು ತುಂಬಿದ್ದೀರಿ, ಬಾಳೆಹಣ್ಣು ಕಾಣಲಿಲ್ಲ. ಹಲ್ಲು ಗಟ್ಟಿ ಇರುವ ವಯಸ್ಸಿನಲ್ಲಿ ಯಾರಿಗೂ ಸನ್ಮಾನ ಮಾಡುವುದಿಲ್ಲ ಎಂಬುದನ್ನು ಮುಂದಿನ ವರ್ಷ ನೆನಪಿಡಿ.

ಅಧ್ಯಕ್ಷರು ನನ್ನ ಪರಿಚಯ ಓದಿದರು. 'ಶಾಂತ ಸ್ವಭಾವದ ಇನಾಸ್ ಸಿದ್ದಿಯವರು' ಎಂದು ಅವರು ಓದಿದಾಗ ನನ್ನ ಬಸ್ಸಿನಲ್ಲಿ ಒಮ್ಮೆಯಾದರೂ ಕೂತವರೆಲ್ಲ ಗೊಳ್ಳೆಂದು ನಕ್ಕಿರಿ. ನಕ್ಕದ್ದು ಸರಿ. ನಾನು ಶಾಂತನಲ್ಲ. ನಾನು ಮುಸಫ್ಫಾದ ಒಂದು ಕಂಪನಿಯ ಬಸ್ ಡ್ರೈವರ್. ಬೆಳಗ್ಗೆ ಕೆಲಸದವರನ್ನು ಕ್ಯಾಂಪಿನಿಂದ ವರ್ಕ್‌ಶಾಪಿಗೆ, ಸಂಜೆ ವರ್ಕ್‌ಶಾಪಿನಿಂದ ಕ್ಯಾಂಪಿಗೆ, ಶುಕ್ರವಾರ ಸಂಘದ ಮಕ್ಕಳನ್ನು ಹಮ್ದಾನ್ ಸ್ಟ್ರೀಟಿನಿಂದ ನಾಟಕದ ಅಭ್ಯಾಸಕ್ಕೆ. ಮುಂದಿನ ತಿಂಗಳು ವೀಸಾ ಖಲಾಸ್, ಊರಿಗೆ ಹೊರಟೆ. ಹೋಗುವವನಿಗೆ ಒಂದು ಶಾಲು, ಇದೇ ಇವತ್ತಿನ ಸಮಾಚಾರ.

ನಿಮ್ಮಲ್ಲಿ ಕೆಲವರು ಪಕ್ಕದವರ ಕಿವಿಯಲ್ಲಿ ಏನೋ ಕೇಳುತ್ತಿದ್ದೀರಿ, ನನಗೆ ಇಲ್ಲಿಂದ ಕಾಣುತ್ತದೆ. 'ಈ ಸೂಡಾನಿನವನು ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತ?' ಎಲ್ಲಿಯೂ ಕಲಿಯಲಿಲ್ಲ ಸ್ವಾಮಿ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಎರಡೂ ತಾಯಿಯ ಹಾಲಿನ ಜೊತೆಗೇ ಬಂದವು. ನಾವು ಹಳಿಯಾಳದ ಸಿದ್ದಿಗಳು. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದರು. ಟಿಕೆಟ್ ತೆಗೆಸಿ ಕಿಟಕಿಯ ಪಕ್ಕ ಕೂತು ಬಂದವರಲ್ಲ. ಹಡಗಿನ ತಳದಲ್ಲಿ ಸಾಮಾನಿನ ಜೊತೆ ಬಂದವರು. ಸಾಕು, ಅದನ್ನು ಹೇಳಿ ನಿಮ್ಮ ಊಟದ ರುಚಿ ಕೆಡಿಸುವುದಿಲ್ಲ. ನಾನು ಇವತ್ತು ಮಾತನಾಡಬೇಕೆಂದಿರುವುದು ಟೀವಿಯ ಬಗ್ಗೆ.

ನಗಬೇಡಿ. ನೀವು ಸಾಹಿತ್ಯದ ಬಗ್ಗೆ ಮಾತನಾಡುತ್ತೀರಿ, ನಾನೇನು ಅಡ್ಡ ಬಂದೆನೇ?

ಕ್ಯಾಂಪಿನಲ್ಲಿ ಒಂದು ಟೀವಿ ಕೋಣೆ ಇತ್ತು. ಶುಕ್ರವಾರ ಮಧ್ಯಾಹ್ನ ಬಿರಿಯಾನಿ ತಿಂದು ಅಲ್ಲಿ ಕೂರುತ್ತಿದ್ದವರು ನಾವಿಬ್ಬರು: ನಾನು, ಉಳ್ಳಾಲದ ಮೊಯ್ದಿನಬ್ಬ. ಅವನು ಕಾರಿನ ಡೆಂಟಿಂಗ್-ಪೇಂಟಿಂಗ್ ಮಾಡುವವನು. ಇಗೋ, ಎರಡನೇ ಸಾಲಿನಲ್ಲಿ ಕೂತು ಆಕಳಿಸುತ್ತಿದ್ದಾನೆ. ನಾವು ನೋಡುತ್ತಿದ್ದದ್ದು ಇಂಗ್ಲಿಷಿನ ಆಕಾಶನೌಕೆಯ ಧಾರಾವಾಹಿಗಳು. ನಮಗಿಬ್ಬರಿಗೂ ಇಂಗ್ಲಿಷ್ ಬಾರದು. ಅದಕ್ಕೆ ಇಂಗ್ಲಿಷ್ ಏಕೆ ಬೇಕು? ಗಾಡಿ ಹಾರುತ್ತದೆ, ಗಾಡಿ ಕೆಡುತ್ತದೆ, ಕೆಳಗಿನವನು ರಿಪೇರಿ ಮಾಡುತ್ತಾನೆ, ಮೇಲಿನವನು ಬೈಯುತ್ತಾನೆ. ಮುಸಫ್ಫಾದಲ್ಲಿ ದಿನಾ ನಡೆಯುವುದೂ ಅದೇ.

ಆ ಗಾಡಿಯಲ್ಲಿ ಒಮ್ಮೊಮ್ಮೆ ನನ್ನ ಹಾಗೆ ಕಾಣುವವನು ಒಬ್ಬ ಬರುತ್ತಿದ್ದ. ಬಂದ ಕೂಡಲೇ ನಾನು ನೆಟ್ಟಗೆ ಕೂರುತ್ತಿದ್ದೆ. ಅವನ ಕೆಲಸ ಏನು? ಬಾಗಿಲು ತೆರೆಯುವುದು, ಬಂದೂಕು ಹಿಡಿದು ಹಿಂದೆ ನಿಲ್ಲುವುದು, ಹೊಸ ಗ್ರಹ ಸಿಕ್ಕರೆ ಮೊದಲು ಇಳಿಯುವುದು. ಇಳಿದವನು ಸಾಯುವುದು. ನಾನು ಸುಲೈಮಾನಿ ಚಹಾ ಮುಗಿಸುವುದರೊಳಗೆ ಸತ್ತಿರುತ್ತಿದ್ದ. ಮೊಯ್ದಿನಬ್ಬ ಪಂದ್ಯ ಕಟ್ಟುತ್ತಿದ್ದ. 'ಇವತ್ತು ನಿಮ್ಮವ ಉಳಿತಾನೆ ಮಾರಾಯ, ಮುಖ ನೋಡು, ಒಳ್ಳೆ ಗಟ್ಟಿ ಜನ.' ಸೋತವನು ಇನ್ನೊಂದು ಸುಲೈಮಾನಿ ಮಾಡಬೇಕು. ಆ ಮನುಷ್ಯ ನನ್ನನ್ನು ಗೆಲ್ಲಿಸಲೆಂದು ಬೇಕಂತಲೇ ಸೋಲುತ್ತಿದ್ದನೋ ಏನೋ, ನಾನು ಚಹಾ ಮಾಡಿದ ನೆನಪೇ ಇಲ್ಲ. ಗೆದ್ದ ಚಹಾ ಅಷ್ಟು ರುಚಿಯೂ ಇರಲಿಲ್ಲ ಬಿಡಿ.

ಇನ್ನೂ ಕೆಲವು ಸಲ ನಮ್ಮವನಿಗೆ ಸಾಯುವ ಪಾತ್ರವೂ ಸಿಗುತ್ತಿರಲಿಲ್ಲ. ಮುಖಕ್ಕೆ ಹಸಿರು ಬಣ್ಣ ಬಳಿದು, ಹಣೆಗೆ ರಬ್ಬರ್ ಅಂಟಿಸಿ, ಬೇರೆ ಗ್ರಹದ ಪ್ರಾಣಿ ಮಾಡಿರುತ್ತಿದ್ದರು. ಬಣ್ಣ ಎಷ್ಟು ಬಳಿದರೇನು, ಕುತ್ತಿಗೆ ತಿರುಗಿಸುವುದು ನೋಡಿದರೆ ನನಗೆ ಗೊತ್ತಾಗುತ್ತಿತ್ತು. 'ಮೊಯ್ದಿನಬ್ಬ, ಒಳಗೆ ಇರೋದು ನಮ್ಮವನಽ' ಎನ್ನುತ್ತಿದ್ದೆ.

ಆಮೇಲೆ ನನ್ನ ಮಗಳು ಬೆಟ್ಟಿ ಇಲ್ಲಿ ಆಸ್ಪತ್ರೆಗೆ ನರ್ಸ್ ಆಗಿ ಬಂದಳು, ಗಂಡ ಬಂದ, ಮೊಮ್ಮಗಳು ಶಾರನ್ ಬಂದಳು. ನಾನು ರಜೆಯ ದಿನ ಅವರ ಫ್ಲ್ಯಾಟಿಗೆ ಹೋಗುತ್ತಿದ್ದೆ. ಒಂದು ದಿನ ಹುಡುಗಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಇಣುಕಿದೆ. ಅದೇ ಆಕಾಶನೌಕೆ, ಹೊಸ ಧಾರಾವಾಹಿ. ಎಲ್ಲ ದೀಪ ಕೆಂಪಾಗಿದೆ, ಎಲ್ಲರೂ ಓಡುತ್ತಿದ್ದಾರೆ. ನಡುವಿನ ಸೀಟಿನಲ್ಲಿ ಒಬ್ಬ ಹೆಂಗಸು. ನನ್ನ ಅಕ್ಕನ ಬಣ್ಣ, ನನ್ನ ಅಕ್ಕನ ಮೂಗು, ನನ್ನ ಅಕ್ಕನ ಕೂದಲು.

'ಇಕಿ ಯಾವಾಗ ಸಾಯ್ತಾಳ?' ಎಂದೆ.

'ಅಜ್ಜಾ! ಶೀ ಈಸ್ ದ ಕ್ಯಾಪ್ಟನ್. ಕ್ಯಾಪ್ಟನ್ ಸತ್ರ ಶೋ ಹೆಂಗ ನಡೀತದ?'

ನಂಬಲಿಲ್ಲ. ಕೂತು ನೋಡಿದೆ. ಸಾಯಲಿಲ್ಲ. ಮರುವಾರ ಹೋಗಿ ಮತ್ತೆ ನೋಡಿದೆ. ಸಾಯಲಿಲ್ಲ. ಸಿಟ್ಟು ಮಾಡಿದಳು, ತಪ್ಪು ಮಾಡಿದಳು, ಒಬ್ಬ ಅಯೋಗ್ಯನನ್ನು ಪ್ರೀತಿಸಿದಳು, ಗಾಡಿಯನ್ನು ಒಂದು ಕಲ್ಲಿಗೆ ಗುದ್ದಿದಳು. ಆದರೂ ಸೀಟು ಅವಳದ್ದೇ! ಡ್ರೈವರ್ ಆಗಿ ಹೇಳುತ್ತೇನೆ, ಗುದ್ದಿದ ಮೇಲೂ ಸೀಟು ಉಳಿಯುವುದಿದೆಯಲ್ಲ, ಅದು ದೊಡ್ಡದು. ಇನ್ನೊಂದು ಮಾತು. ಆ ಗಾಡಿಯಲ್ಲಿ ಯಾರೂ ಅವಳನ್ನು 'ನೀವು ಎಲ್ಲಿಯವರು' ಎಂದು ಕೇಳಲಿಲ್ಲ. 'ಎಲ್ಲಿಗೆ ಹೋಗೋಣ' ಎಂದು ಮಾತ್ರ ಕೇಳುತ್ತಿದ್ದರು. ಅವಳ ಕೂದಲು ಮೋಡದ ಹಾಗೆ ತಲೆಯ ಸುತ್ತ ನಿಂತಿರುತ್ತಿತ್ತು, ಯಾರೂ ಅದರೊಳಗೆ ಪೆನ್ಸಿಲ್ ಚುಚ್ಚಲಿಲ್ಲ.

ಪೆನ್ಸಿಲ್ ಅಂದದ್ದು ಏಕೆಂದರೆ, ಮೂರನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ನನ್ನ ತಲೆಯಲ್ಲಿ ಒಂದು ಪೆನ್ಸಿಲ್ ನಿಲ್ಲಿಸಿ, 'ನೋಡಿ ಮಕ್ಕಳೇ, ಬೀಳುವುದೇ ಇಲ್ಲ' ಎಂದು ತೋರಿಸಿದ್ದರು. ತಮಾಷೆಯ ಮನುಷ್ಯ. ನಾನು ಶಾಲೆ ಬಿಟ್ಟದ್ದು ಅದಕ್ಕಲ್ಲ. ಮನೆಯಲ್ಲಿ ದನ ಕಾಯುವವರು ಯಾರೂ ಇರಲಿಲ್ಲ. ಮರುದಿನದಿಂದ ಇರಲಿಲ್ಲ.

ಇರಲಿ, ನಾಟಕಕ್ಕೆ ಬರುತ್ತೇನೆ. ಈ ವರ್ಷ ಡೆಬೊರಾ ಟೀಚರ್ ಮಕ್ಕಳಿಗಾಗಿ ಆಕಾಶನೌಕೆಯ ನಾಟಕ ಬರೆದರು. ಶಾರನ್ ಕುಣಿದಾಡಿದಳು, 'ಅಜ್ಜಾ, ನಾನಽ ಕ್ಯಾಪ್ಟನ್' ಎಂದಳು. ಪಾತ್ರ ಹಂಚಿದ ಸಂಜೆ ಬಸ್ ಹತ್ತಿದಾಗ ಅವಳ ಮುಖ ಪಂಕ್ಚರ್ ಆದ ಟಯರಿನ ಹಾಗಿತ್ತು. ಏನಾಯಿತು? ಬೇರೆ ಗ್ರಹದ ಪ್ರಾಣಿಯ ಪಾತ್ರ. ಡೆಬೊರಾ ಟೀಚರ್ ನನ್ನ ಹಿಂದಿನ ಸೀಟಿನಲ್ಲಿ ಕೂತು, ಪಾಪ, ಸಂತೋಷದಲ್ಲೇ ಹೇಳಿದರು: 'ಶಾರನ್‌ಗೆ ವಿಗ್ ಬೇಡ ಅಂಕಲ್. ಅವಳ ಕೂದಲೇ ಸಾಕು, ಎಷ್ಟು ನ್ಯಾಚುರಲ್ ಕಾಣ್ತದೆ ಗೊತ್ತುಂಟಾ?'

ನಾನು ಕೀಲಿ ತೆಗೆದು ಜೇಬಿಗೆ ಹಾಕಿದೆ.

'ಯಲ್ಲಾ ಅಂಕಲ್, ಹೊರಡುವ' ಎಂದರು.

'ಮಾಫಿ' ಎಂದೆ, ಅರಬ್ಬಿಯಲ್ಲಿ 'ಇಲ್ಲ' ಅಂತ. 'ಕ್ಯಾಪ್ಟನ್ ಯಾರಂತ ಸರಿಯಾಗಿ ನೋಡೂ ತನಕ ಈ ಬಸ್ ಹೊಂಡಂಗಿಲ್ಲ.'

ಎ.ಸಿ. ನಿಂತಿತು. ಆಗಸ್ಟ್ ತಿಂಗಳು. ಟೀಚರ್ ಬೆವರು ಒರೆಸಿಕೊಂಡರು. ನನ್ನ ಮೊಮ್ಮಗಳೇ ಎದ್ದು ನನಗೆ ಬೈದಳು: 'ಅಜ್ಜಾ, ಯು ಆರ್ ಎಂಬರಾಸಿಂಗ್ ಮಿ! ಕೀ ಹಾಕು. ನಂಗ ಬೇಕಾದ್ದು ನಾನಽ ತಗೋತೀನಿ.' ಆಮೇಲೆ ಟೀಚರ್ ಕಡೆ ತಿರುಗಿ, 'ಮಿಸ್, ಎಲ್ಲಾರೂ ಒಂದೊಂದ್ ಸಲ ಆ ಲೈನ್ ಹೇಳೂಣು' ಎಂದಳು.

ಯಾವ ಲೈನು? ನೌಕೆ ಕೆಟ್ಟಿದೆ, ಜನ ಗಾಬರಿಯಾಗಿದ್ದಾರೆ, ಕ್ಯಾಪ್ಟನ್ ಅವರನ್ನು ಕೂರಿಸಬೇಕು. ಮೊದಲು ಇವಾನ್ ಹೇಳಿದ, ಕ್ಯಾಪ್ಟನ್ ಪಾತ್ರ ಅವನಿಗೇ ಸಿಕ್ಕಿತ್ತು. 'ದಯವಿಟ್ಟು ಎಲ್ಲರೂ ಆಸೀನರಾಗಿರಿ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ನೋಡಿ ಓದಿದ. ಯಾರೂ ಆಸೀನರಾಗಲಿಲ್ಲ. ಚಿಪ್ಸ್ ಪೊಟ್ಟಣದ ಜಗಳವೂ ನಿಲ್ಲಲಿಲ್ಲ. ಒಬ್ಬೊಬ್ಬರೇ ಹೇಳಿದರು, ಬಸ್ಸಿನಲ್ಲಿ ಸಂತೆ ನಡೆದೇ ಇತ್ತು. ಆಗ ಶಾರನ್ ಕಾಗದ ಕೆಳಗಿಟ್ಟಳು. ಡ್ರೈವರ್ ಸೀಟಿನ ಪಕ್ಕ ಬಂದು ನಿಂತು, ಕಂಬಿ ಹಿಡಿದು, ಒಂದೇ ಕೂಗು:

'ಏಯ್! ಎಲ್ಲಾರೂ ಕೂಡ್ರಿ! ಬಾಗಲದಾಗ ಯಾರೂ ನಿಂದರಬ್ಯಾಡ್ರಿ! ನಾ ಇದ್ದೀನಿ, ಗಾಡಿ ಬೀಳಂಗಿಲ್ಲ!'

ಸಭಿಕರೇ, ಎಲ್ಲ ಕೂತರು. ಚಿಪ್ಸ್ ಹಿಡಿದವರು ಕೂತರು, ಡೆಬೊರಾ ಟೀಚರ್ ಕೂತರು. ನಾನು ಮೊದಲೇ ಕೂತಿದ್ದೆ, ಸೀಟ್ ಬೆಲ್ಟ್ ಹಾಕಿಕೊಂಡೆ. ಆ ಕೂಗು ಯಾರದ್ದೆಂದು ನಿಮಗೆ ಗೊತ್ತು. ಈ ಊರಿನ ಕೆಲಸಗಾರರಿಗೆ ದಿನಾ ಬೆಳಗ್ಗೆ ನಾನು ಕೂಗಿದ ಕೂಗು ಅದು. ನಾಟಕದಲ್ಲಿ ಬರೆದಿರಲಿಲ್ಲ, ಈಗ ಬರೆದಿದ್ದಾರೆ. ಮೊದಲು ಚಪ್ಪಾಳೆ ತಟ್ಟಿದವನು ಇವಾನ್. 'ಥ್ಯಾಂಕ್ ಗಾಡ್, ತುಂಬ ಲೈನ್ಸ್ ಇತ್ತು' ಎಂದ. ಟೀಚರ್ ಇಳಿಯುವಾಗ ನನ್ನ ಹತ್ತಿರ ನಿಂತು, 'ಅಂಕಲ್, ನಾನು ಆಲೋಚನೆ ಮಾಡ್ಲಿಲ್ಲ' ಎಂದರು. 'ಈಗ ಮಾಡಿದ್ರಲ್ಲ, ಇಳೀರಿ, ಹಿಂದ ಗಾಡಿ ನಿಂತಾವ' ಎಂದೆ. ಒಳ್ಳೆಯ ಹೆಣ್ಣುಮಗಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೆಲ್ಮೆಟ್ಟು ಬಂತು. ಆಕಾಶನೌಕೆ ಕಟ್ಟುವ ಕೆಲಸ ಮೊಯ್ದಿನಬ್ಬನದು; ಹಳೆಯ ಬಂಪರು, ಬಾನೆಟ್ಟು ಸೇರಿಸಿ ಮಾಡಿದ್ದಾನೆ, ನೀವೇ ನೋಡುತ್ತೀರಿ. ಕ್ಯಾಪ್ಟನ್ನಿನ ಹೆಲ್ಮೆಟ್ಟನ್ನು ಅವನು ಮೊದಲೇ ಇವಾನನ ತಲೆಯ ಅಳತೆಗೆ ಫೈಬರಿನಲ್ಲಿ ಮಾಡಿಟ್ಟಿದ್ದ. ಶಾರನ್ ಹಾಕಿಕೊಂಡರೆ, ಇಗೋ ಈ ಪೇಟದ ಹಾಗೆ, ಮೇಲೆಯೇ ನಿಂತಿತು. ಮಕ್ಕಳು ನಕ್ಕರು. ಅವಳೂ ನಕ್ಕಳು. ಮನೆಗೆ ಹೋಗಿ ತಾಯಿಗೆ, 'ಮಮ್ಮಿ, ಕೂದ್ಲ ಸ್ಟ್ರೇಟ್ ಮಾಡಸ್ತೀನಿ, ಸಲೂನಿಗೆ ಫೋನ್ ಮಾಡು' ಎಂದಳು. ಬೆಟ್ಟಿ ಮಾಡಿದಳು. ಇವತ್ತು ಮಧ್ಯಾಹ್ನಕ್ಕೆ ಸಮಯ ಕೊಟ್ಟಿದ್ದರು.

ನಾನು ಬೈಯಲಿಲ್ಲ. ನಂಬಿ. ಬೆಟ್ಟಿಯೇ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ತಲೆ ಅವಳದ್ದು, ಅದರ ಮೇಲೆ ಏನಿರಬೇಕೆಂದು ಹೇಳಲು ನಾನು ಯಾರು? ಆದರೆ ಮೊಯ್ದಿನಬ್ಬನಿಗೆ ಬೈಯಲು ನನಗೆ ಯಾರ ಅಪ್ಪಣೆಯೂ ಬೇಡ. ಮುಸಫ್ಫಾದ ಅವನ ವರ್ಕ್‌ಶಾಪಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೆಲ್ಮೆಟ್ಟಿಗೆ ಗ್ರೈಂಡರ್ ಇಟ್ಟಿದ್ದ. 'ಹೆಲ್ಮೆಟ್ ಸಣ್ಣ ಆದ್ರೆ ತಲೆ ಕುಯ್ಯುದಾ ಮಾರಾಯ? ನಾನು ಡೆಂಟರ್, ಡಾಕ್ಟರ್ ಅಲ್ಲ. ಹೊಸತು ಮಾಡುವ.' ಎರಡು ಹೆಲ್ಮೆಟ್ಟಿನ ಫೈಬರ್ ಸೇರಿಸಿ ಒಂದು ಮಾಡಿದ, ಬೆಳ್ಳಿ ಬಣ್ಣ ಹೊಡೆದ. ಕೊಡುವಾಗ ಹೇಳಿದ: 'ಇದು ಇಡೀ ಕೂದಲಿನ ಅಳತೆ. ನೆಟ್ಟಗೆ ಮಾಡಿಸಿ ಬಂದ್ರೆ ಇದು ತಲೆ ಮೇಲೆ ಫ್ಯಾನಿನ ಹಾಗೆ ತಿರುಗ್ತದೆ, ಆಮೇಲೆ ನನಗೆ ಬೈಬೇಡ.'

ಆ ಹೆಲ್ಮೆಟ್ಟನ್ನು ಮಧ್ಯಾಹ್ನ ಬಣ್ಣದ ಕೋಣೆಯಲ್ಲಿ ಇಟ್ಟು ಬಂದೆ. ಅವಳು ಇರಲಿಲ್ಲ. ಸಲೂನಿಗೆ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಟ್ಟಿ ಹೇಳುತ್ತಿಲ್ಲ, ಅಲ್ಲಿ ಕೂತು ನಗುತ್ತಿದ್ದಾಳೆ. ಇಷ್ಟು ಹೊತ್ತು ನಾನು ನಿಮ್ಮ ಕಡೆ ಮುಖ ಮಾಡಿದ್ದರೂ ನನ್ನ ಕಿವಿ ಪರದೆಯ ಹಿಂದೆಯೇ ಇದೆ.

ಇನ್ನೊಂದು ಪ್ರಶ್ನೆ ಉಳಿಯಿತು. ಅಧ್ಯಕ್ಷರು ಕೇಳಿದರು, 'ಇನಾಸಣ್ಣ, ಪ್ರತಿವರ್ಷ ನಮ್ಮನ್ನು ಕರಕೊಂಡು ಬರ್ತೀರಿ, ಒಳಗೆ ಯಾಕೆ ಬರುದಿಲ್ಲ?' ಪಾರ್ಕಿಂಗ್. ಈ ಊರಿನಲ್ಲಿ ಬಸ್ ಬಿಟ್ಟು ಬರುವ ಹಾಗಿಲ್ಲ. ಮೊದಲ ವರ್ಷ ಬಂದಿದ್ದೆ. ಬಾಗಿಲಲ್ಲಿ ಪನ್ನೀರು ಹಿಡಿದ ಹುಡುಗಿ ನನ್ನ ಮುಂದಿನವರಿಗೆ ಚಿಮುಕಿಸಿದಳು, ಹಿಂದಿನವರಿಗೆ ಚಿಮುಕಿಸಿದಳು, ನನಗೆ ಮಾತ್ರ 'ಸರ್, ದಿಸ್ ಈಸ್ ಕನ್ನಡ ಪ್ರೋಗ್ರಾಂ' ಎಂದಳು. ದಾರಿ ತಪ್ಪಿದವನಿಗೆ ಸಹಾಯ ಮಾಡಿದಳು, ಅಷ್ಟೆ. ಆಗಲೇ ನನಗೆ ಪಾರ್ಕಿಂಗಿನ ನೆನಪಾದದ್ದು. ಊಟದ ಪೊಟ್ಟಣ ಬಸ್ಸಿಗೇ ಬರುತ್ತಿತ್ತು, ಚಿತ್ರಾನ್ನ ಯಾವಾಗಲೂ ಚೆನ್ನಾಗಿರುತ್ತಿತ್ತು. ಇವತ್ತು ಬಾಗಿಲಲ್ಲಿ ಎಷ್ಟು ಪನ್ನೀರು ಹಾಕಿದ್ದೀರೆಂದರೆ ಅಂಗಿ ಇನ್ನೂ ಆರಿಲ್ಲ. ಹಾಗಾದರೆ ಬಸ್ ಎಲ್ಲಿದೆ? ನೋ ಪಾರ್ಕಿಂಗಿನಲ್ಲಿದೆ. ಫೈನ್ ಬಂದರೆ ಅಧ್ಯಕ್ಷರ ಹೆಸರಿಗೆ.

ಏನದು? ಒಂದು ನಿಮಿಷ. ಡೆಬೊರಾ ಟೀಚರ್ ಕೈ ಮಾಡುತ್ತಿದ್ದಾರೆ, ಸಾಕು ಅಂತ. ಅವರ ಪಕ್ಕದಲ್ಲಿ... ಕ್ಯಾಪ್ಟನ್ನು. ಬೆಳ್ಳಿಯ ಹೆಲ್ಮೆಟ್ಟು ಹಾಕಿ ನಿಂತಿದ್ದಾಳೆ. 'ಬೇಗ ಮುಗಿಸು' ಎಂದು ತಲೆ ಆಡಿಸುತ್ತಿದ್ದಾಳೆ. ಇನ್ನೊಮ್ಮೆ ಆಡಿಸು ಮಗಾ. ಜೋರಾಗಿ.

ಮೊಯ್ದಿನಬ್ಬ, ಎದ್ದು ನೋಡೋ! ಅಲ್ಲಾಡಲಿಲ್ಲ! ತಿರುಗಲಿಲ್ಲ! ಗಟ್ಟಿಯಾಗಿ ಕೂತಿದೆ! ಒಳಗೆ ಜಾಗವೇ ಇಲ್ಲ!

ಈ ಪೇಟ ಇಲ್ಲೇ ಮೇಜಿನ ಮೇಲೆ ಇರಲಿ ಅಧ್ಯಕ್ಷರೇ, ಮುಂದಿನ ಸನ್ಮಾನಕ್ಕೆ ಬಂದೀತು. ಕ್ಯಾಪ್ಟನ್ ಅಲ್ಲಿಂದ ನನಗೆ ಬೈಯುತ್ತಿದ್ದಾಳೆ, ನಿಮಗೆ ಕೇಳಿಸದು, ನಾನೇ ಹೇಳುತ್ತೇನೆ: 'ಅಜ್ಜಾ, ದಾರಿ ಬಿಟ್ಟು ಕೂಡ್ರು, ಗಾಡಿ ಹೊಂಡತೈತಿ.' ಇಷ್ಟು ವರ್ಷ ಊರಿಗೆಲ್ಲ ಇದನ್ನೇ ಕೂಗಿದವನು ನಾನು. ನನಗೆ ಕೂಗಿದವರು ಯಾರೂ ಇರಲಿಲ್ಲ. ಮೊದಲ ಸಾಲಿನಲ್ಲಿ ನನ್ನ ಹೆಸರಿನ ಕುರ್ಚಿ ಇದೆಯಂತೆ, ಹೋಗಿ ಕೂರುತ್ತೇನೆ. ಗೋಡೆಗೆ ಒರಗಿದವರೂ ಒತ್ತರಿಸಿಕೊಂಡು ಎಲ್ಲಾದರೂ ಕೂತುಕೊಳ್ಳಿ, ಬಾಗಿಲಲ್ಲಿ ಯಾರೂ ನಿಲ್ಲಬೇಡಿ.

ಕರೆದು ಕೂರಿಸಿದ ನಿಮಗೆಲ್ಲ ಇನಾಸನ ಧನ್ಯವಾದ. ನಮಸ್ಕಾರ.