ಮೂಲೆ ಗುಂಡಿಯ ಗಿಡ

ಅಲ್ಲ ಕಣೇ, ನನ್ನನ್ನ ಯಾಕೆ ಹಾಗೆ ದುರುಗುಟ್ಟಿ ನೋಡ್ತೀಯ? ಗಿಡ ಸತ್ತಿದ್ದಕ್ಕೆ ನಾನೇನು ಮಾಡ್ಲಿ? ಅದರ ಆಯಸ್ಸು ಅಷ್ಟೇ ಇತ್ತು, ಹೋಯ್ತು. ಈ ಮೂಲೆ ಗುಂಡೀನೇ ಸರಿಯಿಲ್ಲ. ಮೂರನೇದು ಅಂತ ಬೆರಳು ತೋರಿಸಬೇಡ, ನನಗೂ ಎಣಿಸೋಕೆ ಬರತ್ತೆ.

ಬಿಸಿಲಿಲ್ಲ ಹುಡುಗಿ, ಬಿಸಿಲು! ನಾಲ್ಕು ಕಡೆ ಆಕಾಶ ಮುಟ್ಟೋ ಕಟ್ಟಡ, ನಡುವೆ ಅಂಗೈಯಗಲ ಅಂಗಳ. ಮಧ್ಯಾಹ್ನ ಸೂರ್ಯ ಒಂದು ಸಲ ಹಣಕಿ ಹಾಕ್ತಾನೆ, 'ಓ, ಅತ್ತೆ ಸೊಸೆ ಜಗಳ ಶುರುವಾಗಿದೆ' ಅಂತ ಹೊರಟೇ ಹೋಗ್ತಾನೆ. ಸಾಲದ್ದಕ್ಕೆ ಮೇಲ್ಮನೆಯವಳು ಬಟ್ಟೆ ಹಿಂಡಿದ ಸೋಪಿನ ನೀರು... ಏನು? ಆಕೆ ಊರಲ್ಲೇ ಇಲ್ವಾ? ಹಾಗಾದ್ರೆ ಬೆಕ್ಕು. ಹೂಂ, ಬೆಕ್ಕೇ ಇರ್ಬೇಕು. ಯಾಕೆ ನಗ್ತೀಯ? ನಮ್ಮ ಬೀದೀಲಿ ಬೆಕ್ಕಿಗೇನು ಬರವೇ?

ನಗು, ನಗು. ಸಾಯಂಕಾಲ ಗಿಡದವನು ಬರ್ತಾನಲ್ಲ, ಅದಕ್ಕೇ ಈ ನಗು. ನೋಡು ನೋಡು, ಕೆನ್ನೆ ಹೇಗೆ ಕೆಂಪಾಯ್ತು! ಬಿಸಿಲಿಗೆ ಅನ್ನಬೇಡ, ಇಲ್ಲಿ ಬಿಸಿಲಿಲ್ಲ ಅಂತ ಈಗಷ್ಟೇ ಮಾತಾಡಿ ಮುಗಿಸಿದ್ದೀನಿ.

ಮೊದಲ ದಿನ ಅವನು ಅಂಗಳದಲ್ಲಿ ತೋಟ ಮಾಡೋಕೆ ಬಂದದ್ದು ನೆನಪಿದ್ಯಾ? ಅಂಗಳಕ್ಕೆ ಬೇರೆ ದಾರಿಯಿಲ್ಲವಲ್ಲ, ಒಂದೊಂದು ಬುಟ್ಟಿ ಮಣ್ಣೂ ಬೀದಿ ಬಾಗಿಲಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ, ನಿನ್ನ ಒಲೆ ಪಕ್ಕ ಹಾದು ಬರ್ಬೇಕು. ಹಜಾರದಲ್ಲಿ ಒಂದು ಚೂರು ಚೆಲ್ಲಲಿಲ್ಲ ಪುಣ್ಯಾತ್ಮ. ನಿನ್ನ ಪಕ್ಕಕ್ಕೆ ಬಂದ, ಬುಟ್ಟಿ ವಾಲ್ತು, ಹಿಡಿ ಮಣ್ಣು ಬಿತ್ತು. ಆ ಹಿಡಿ ಮಣ್ಣನ್ನ ನೀವಿಬ್ಬರೂ ಬಗ್ಗಿ ಗುಡಿಸಿದ್ದೂ ಗುಡಿಸಿದ್ದೇ! ನಾನು ಇಲ್ಲಿ ಕೂತು ನಿದ್ದೆ ಬಂದವಳ ಹಾಗೆ ನಟಿಸಿ ನಟಿಸಿ, ಕೊನೆಗೆ ನಿಜವಾಗ್ಲೂ ನಿದ್ದೆ ಬಂದುಬಿಡ್ತು.

ಮುಖ ಯಾಕೆ ಮುಚ್ಕೋತೀಯ? ನಾಚಿಕೆಗೇನಿದೆ ಇದರಲ್ಲಿ? ನನ್ನ ಮಗ ತೀರಿಕೊಂಡ ಮೇಲೆ ಈ ಮನೇಲಿ ನಾವಿಬ್ಬರೇ ಅಲ್ವಾ, ನಿನ್ನ ಬಾಯಿಂದ ಬರ್ತಿದ್ದದ್ದೇ ಎರಡು ಮಾತು. 'ಊಟಕ್ಕೆ ಬನ್ನಿ ಅತ್ತೆ.' 'ದೀಪ ಆರಿಸ್ಲಾ ಅತ್ತೆ.' ಆ ಮನುಷ್ಯ ಬರೋಕೆ ಶುರು ಮಾಡಿದ ಮೇಲೆ ಅಡುಗೆಮನೇಲಿ ಯಾರೋ ಗುನುಗಿದ್ದು ಕೇಳಿಸ್ತು. ಶ್ರುತಿ ಇಲ್ಲ, ತಾಳ ಇಲ್ಲ... ಆದ್ರೂ ಕಿವಿಗೆ ಹಿತವಾಗಿತ್ತು ಕಣೇ.

ಈಗ ಕೆಲಸ ಹೆಚ್ಚುಕಮ್ಮಿ ಮುಗೀತು. ಗೋಡೆಗೆ ಬಳ್ಳಿ ಹತ್ತಿದೆ, ನೆಲಕ್ಕೆ ಕಲ್ಲು ಹಾಸಿದ್ದಾನೆ, ಇಬ್ಬರು ಕೂರೋ ಕಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾನೆ. ಕಟ್ಟೆ ಒಂದು ದಿನದ ಕೆಲಸ, ಈ ಮೂಲೆ ಗಿಡ ಒಂದು ಹಿಡಿದ್ರೆ ಆಯ್ತು. ಆಮೇಲೆ ಮದುವೆ, ಆಮೇಲೆ ನೀನು ಊರಾಚೆ ಅವನ ಸಸಿ ತೋಟದ ಮನೆಗೆ. ನನ್ನ ಹತ್ರಾನೇ ಬಂದು ಕೇಳಿದ್ನಲ್ಲ, 'ಅಮ್ಮಾ, ಅಂಗಳ ಮುಗಿದ ಮೇಲೆ ಅವರನ್ನ ಕರ್ಕೊಂಡು ಹೋಗ್ಲಾ' ಅಂತ. ಧಾರಾಳವಾಗಿ ಅಂದೆ. ನಾನೇ ಅಂದೆ ಕಣೇ! ನನಗೇನು ಕಡಿಮೆ? ಅಂಗಳ ಇದೆ, ಕಟ್ಟೆ ಇದೆ, ಇಬ್ಬರು ಕೂರೋ ಜಾಗದಲ್ಲಿ ಒಬ್ಬಳೇ ಕಾಲು ಚಾಚಿಕೊಂಡು ಮಹಾರಾಣಿ ಹಾಗೆ...

ಏಯ್, ಏನದು? ಮಣ್ಣನ್ನ ಯಾಕೆ ನಾಲಿಗೆಗೆ ಇಡ್ತೀಯ? ಥೂ, ಉಗುಳು! ಮುಖ ಯಾಕೆ ಹಾಗೆ ಕಿವುಚ್ತೀಯ? ಮಣ್ಣು ಮತ್ತೇನು ಸಕ್ಕರೆ ಹಾಗಿರತ್ತಾ? ಎಲ್ಲಿಗೆ ಹೊರಟೆ? ಅಡುಗೆಮನೇಲಿ ಏನಿದೆ ಈಗ? ಏನೂ ಇಲ್ಲ ಅಲ್ಲಿ... ಉಪ್ಪು ಖಾಲಿಯಾಗಿದೆ ಅಂತ ಮೊನ್ನೆಯಿಂದ ಹೇಳ್ಬೇಕು ಅಂತಿದ್ದೆ.

ನೋಡ್ದ್ಯಾ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೀನಿನ್ನೂ ಉಪ್ಪಿನ ಹೆಸರೇ ಎತ್ತಿರ್ಲಿಲ್ಲ.

ಆ ಡಬ್ಬ ಕೆಳಗಿಡು. ಸರಿ, ಹಾಕ್ದೆ. ಉಪ್ಪುನೀರು ನಾನೇ ಹುಯ್ದೆ. ಪಾಪದ ಬೆಕ್ಕನ್ನ ಬಿಟ್ಟುಬಿಡು. ಗಿಡ ಸತ್ರೆ ಅವನು ಮತ್ತೆ ಬರ್ತಾನೆ ಅಂತ ಮೊದಲನೇದಕ್ಕೆ ಹಾಕ್ದೆ. ಎರಡನೇದಕ್ಕೂ ಅದಕ್ಕೇ. ಹಳೇ ಮಣ್ಣು ಹೊರಗೆ ಹೊರ್ಬೇಕು, ಹೊಸದು ಒಳಗೆ ತರ್ಬೇಕು, ಎಲ್ಲ ನಿನ್ನ ಒಲೆ ಪಕ್ಕದಿಂದಾನೇ! ಇಷ್ಟು ತಲೆ ಓಡಿಸೋ ಅತ್ತೆ ಯಾರಿಗೆ ಸಿಗ್ತಾಳೆ ಹೇಳು? ನಗೇ. ಯಾಕೆ ನಗ್ತಿಲ್ಲ?

ಮೂರನೇದಾ?... ಅದೂ ಅದಕ್ಕೇ ಅಂದ್ಕೋ.

ತಲೆ ಯಾಕೆ ಅಲ್ಲಾಡಿಸ್ತೀಯ? ನಂಬಲ್ವಾ? ಹೌದು, ಅಷ್ಟು ಹೊತ್ತಿಗೆ ಅವನು ಕೇಳಿಯಾಗಿತ್ತು. ನಾನು ಧಾರಾಳವಾಗಿ ಅಂದೂ ಆಗಿತ್ತು. ಅವನನ್ನ ಮತ್ತೆ ಕರೆಸೋ ಅಗತ್ಯಾನೇ ಇರ್ಲಿಲ್ಲ. ಆದ್ರೆ ಸೋಮವಾರ ಬೆಳಿಗ್ಗೆ ಬಂದು ನೋಡ್ತೀನಿ, ಚಿಗುರಿದೆ. ಉಗುರಿನಷ್ಟು ಎರಡು ಎಲೆ. ಗಿಡ ಹಿಡೀತು ಅಂದ್ರೆ ಅಂಗಳ ಮುಗೀತು, ಅಂಗಳ ಮುಗೀತು ಅಂದ್ರೆ ನೀನು ಹೊರಟೆ. ಹೋಗು ಅಂತ ಬಾಯಿ ಹೇಳಿತ್ತು, ಕೈ ಕೇಳ್ಲಿಲ್ಲ. ಉಪ್ಪಿನ ಡಬ್ಬಕ್ಕೆ ಹೋಯ್ತು. ನೀನಿಲ್ದೆ ಈ ಮನೇಲಿ ಇರೋಕೆ ನನಗೆ ಭಯ ಕಣೇ. ಹೇಳ್ಬಿಟ್ಟೆ, ಆಯ್ತಾ?

ಬೈ. ಬೈದುಬಿಡು. ಸೀಮೆಸುಣ್ಣ ಯಾಕೆ ತಗೊಂಡೆ? ಅಯ್ಯಯ್ಯೋ, ಆ ಗೆರೆ ಯಾಕೆ ಒರೆಸ್ತೀಯ? ಅಳತೆ ಹಿಡಿದು ಎಳೆದಿದ್ದಾನೆ ಕಣೇ! ಎಲ್ಲೀವರೆಗೆ ಎಳೀತೀಯ? ಅಲ್ಲಿ ಗುಂಡಿ ಇದೆ, ಕಣ್ಣು ಕಾಣಲ್ವಾ? ಗುಂಡಿ ಮುಚ್ಚಿ ಅಷ್ಟುದ್ದ ಕಟ್ಟೆ ಯಾಕೆ? ಅದರಲ್ಲಿ ಮೂರು ಜನ...

ಮೂರು ಜನ ಕೂರಬಹುದು.

ಇಲ್ಲೇ ಬಂದಿರೋಕೆ ಅವನು ಒಪ್ಬೇಕಲ್ಲ! ತೋಟ ಅಲ್ಲಿ, ಮನೆ ಇಲ್ಲಿ, ದಿನಾ ಓಡಾಡು ಅಂದ್ರೆ? ಹುಬ್ಬು ಹಾರಿಸ್ತೀಯಾ? ಅಬ್ಬಾ, ಇವಳ ಧೈರ್ಯವೇ! ಒಪ್ತಾನೆ ಬಿಡು, ಒಪ್ಪದೆ ಎಲ್ಲಿಗೆ ಹೋಗ್ತಾನೆ. ನನ್ನ ಜಾಗ ಯಾವುದು ಹಾಗಾದ್ರೆ? ಈ ತುದೀನಾ? ಗುಂಡಿ ಮೇಲೆ? ಸರಿಯಾಗಿದೆ. ಗಿಡ ಬೆಳೆಯದ ಜಾಗದಲ್ಲಿ ಮುದುಕಿ.

ಬುಟ್ಟಿ ಯಾಕೆ ನನ್ನ ಕೈಗೆ ಕೊಡ್ತೀಯ? ಈ ಉಪ್ಪು ಮಣ್ಣನ್ನ ನಾನು ಹೊರ್ಬೇಕಾ? ಈ ವಯಸ್ಸಲ್ಲಿ? ನೋಡು, ಬಾಗಿಲ ಕಡೆ ಬೆರಳು ತೋರಿಸ್ತಾಳೆ.

ಹೂಂ. ಉಪ್ಪು ತಿಂದೋರು ನೀರು ಕುಡೀಲೇಬೇಕು. ಕೊಡು ಇಲ್ಲಿ. ನೀನು ಮಾತ್ರ ಹೋಗಿ ಒಲೆ ಪಕ್ಕ ನಿಲ್ಲಬೇಡ, ನಿನ್ನ ಹತ್ರ ಬಂದಾಗ ನನ್ನ ಬುಟ್ಟೀನೂ ವಾಲತ್ತೋ ಏನೋ.